ದೂರದ ಸರ್ವರಿಗೆ ಸೀರಿಯಲ್ ಕನ್ಸೋಲ್: ಬಿಎಂಸಿ ಸಾಕೇ, ಕನ್ಸೋಲ್ ಸರ್ವರ್ ಬೇಕೇ?

ಬೆಂಗಳೂರಿನಲ್ಲಿ ಕೂತು ಮುಂಬೈನಲ್ಲೋ ಅಮೆರಿಕದ ಆಶ್‌ಬರ್ನ್‌ನಲ್ಲೋ ಇರುವ ಸರ್ವರ್‌ಗಳನ್ನು ನೋಡಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ. ದಿನನಿತ್ಯದ ಕೆಲಸಕ್ಕೆ ಎಸ್‌ಎಸ್‌ಎಚ್, ಅಂದರೆ ನೆಟ್‌ವರ್ಕ್ ಮೂಲಕ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ, ಸಾಕು. ಅದು ಕೈಕೊಟ್ಟ ದಿನವೇ ಪೇಚಾಟ. ಫೈರ್‌ವಾಲ್‌ನಲ್ಲಿ ಒಂದು ಸಾಲು ಬದಲಿಸಿದ ತಕ್ಷಣ ಸೆಷನ್ ಸ್ತಬ್ಧ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅಪ್‌ಡೇಟ್ ಹಾಕಿ ರೀಬೂಟ್ ಮಾಡಿದ ಮೆಷಿನ್ ಎಷ್ಟು ಹೊತ್ತಾದರೂ ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ಡಿಸ್ಕುಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಡಿಸ್ಕಿನ ಹೆಸರು ತಪ್ಪಾಗಿ ಲಿನಕ್ಸ್ ಎಮರ್ಜೆನ್ಸಿ ಮೋಡ್‌ಗೆ ಬಿದ್ದು ರೂಟ್ ಪಾಸ್‌ವರ್ಡ್ ಕೇಳುತ್ತಾ ನಿಂತಿರುತ್ತದೆ, ಯಾರೂ ನೋಡದ ಪರದೆಯ ಮೇಲೆ.

ಆಗ ಉಳಿಯುವ ದಾರಿ ಸೀರಿಯಲ್ ಕನ್ಸೋಲ್, ಅಂದರೆ ಸರ್ವರಿನ ಸೀರಿಯಲ್ ಪೋರ್ಟಿನಲ್ಲಿ ಅಕ್ಷರಗಳಾಗಿ ಅದರೊಡನೆ ಮಾತಾಡುವ ಬಾಗಿಲು. ಅದನ್ನು ದೂರದಿಂದ ಮುಟ್ಟುವುದಕ್ಕೇ ನಾಲ್ಕಾರು ವಿಧಾನಗಳಿವೆ. ಸರ್ವರಿನೊಳಗೇ ಇರುವ ಬಿಎಂಸಿ ಎಂಬ ನಿರ್ವಹಣಾ ಚಿಪ್ ಮೂಲಕ ಹೋಗಬಹುದು. ರ‍್ಯಾಕಿನಲ್ಲಿ ಕನ್ಸೋಲ್ ಸರ್ವರ್ ಎಂಬ, ಹಲವು ಸೀರಿಯಲ್ ಪೋರ್ಟ್‌ಗಳ ಪ್ರತ್ಯೇಕ ಪೆಟ್ಟಿಗೆ ಕೂರಿಸಬಹುದು. ರಾಸ್‌ಬೆರಿ ಪೈ ಎಂಬ ಪುಟಾಣಿ ಕಂಪ್ಯೂಟರ್ ಒಂದಕ್ಕೆ ಯುಎಸ್‌ಬಿ ಸೀರಿಯಲ್ ಕೇಬಲ್‌ಗಳನ್ನು ಚುಚ್ಚಿ ಅಗ್ಗದಲ್ಲಿ ಮುಗಿಸಬಹುದು. ಸೀರಿಯಲ್ ಬಿಟ್ಟು, ಸರ್ವರಿನ ಪರದೆ, ಕೀಬೋರ್ಡ್, ಮೌಸನ್ನೇ ದೂರಕ್ಕೆ ತಲುಪಿಸುವ ಕೆವಿಎಂ ಹಿಡಿಯುವವರೂ ಇದ್ದಾರೆ. ಮಾರುವವರ ಪಟ್ಟಿಗಳು ಪೋರ್ಟ್ ಎಷ್ಟು, ಬೆಲೆ ಎಷ್ಟು ಎಂಬಲ್ಲಿಂದ ಶುರುವಾಗುತ್ತವೆ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ಯಾವುದು ಕೆಟ್ಟಾಗ ಈ ದಾರಿ ಬೇಕಾಗುತ್ತದೆ? ಅದು ಕೆಟ್ಟಾಗ ಈ ದಾರಿಯೂ ಜೊತೆಗೇ ಮುಚ್ಚಿಹೋಗುತ್ತದೆಯೇ?

ಈ ಪ್ರಶ್ನೆಯನ್ನು ದೊಡ್ಡ ದೊಡ್ಡವರೂ ಸರಿಯಾಗಿ ಕೇಳಿಕೊಂಡಿರಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತುಹೋದದ್ದು ನೆನಪಿರಬಹುದು. ನಿರ್ವಹಣೆ ವೇಳೆ ಕೊಟ್ಟ ಒಂದು ಕಮಾಂಡ್ ಡೇಟಾ ಸೆಂಟರ್‌ಗಳನ್ನು ಬೆಸೆಯುವ ಬ್ಯಾಕ್‌ಬೋನ್ ಸಂಪರ್ಕಗಳನ್ನು ಕಡಿದುಹಾಕಿತು. ಹೆಸರನ್ನು ಐಪಿ ವಿಳಾಸವಾಗಿಸುವ ಡಿಎನ್‌ಎಸ್ ಸರ್ವರ್‌ಗಳು ತಮ್ಮ ಬಿಜಿಪಿ ರೂಟ್‌ಗಳನ್ನು, ಅಂದರೆ ತಮ್ಮನ್ನು ತಲುಪುವ ದಾರಿಯ ಪ್ರಕಟಣೆಯನ್ನು, ಹಿಂದಕ್ಕೆ ಪಡೆದವು. ಮುಖ್ಯ ನೆಟ್‌ವರ್ಕಿನ ಜೊತೆಗೆ ಔಟ್-ಆಫ್-ಬ್ಯಾಂಡ್, ಅಂದರೆ ತುರ್ತಿಗೆಂದು ಬೇರೆಯಾಗಿಟ್ಟ ನಿರ್ವಹಣೆಯ ನೆಟ್‌ವರ್ಕ್ ಕೂಡ ಸಿಗಲಿಲ್ಲ, ಎಂಜಿನಿಯರ್‌ಗಳನ್ನು ಖುದ್ದಾಗಿ ಡೇಟಾ ಸೆಂಟರಿಗೆ ಕಳಿಸಬೇಕಾಯಿತು ಎಂದು ಕಂಪನಿಯೇ ಬರೆದುಕೊಂಡಿತು. ಮರುವರ್ಷ ಜುಲೈ 8ರಂದು ಕೆನಡಾದ ರೋಜರ್ಸ್ ಟೆಲಿಕಾಂ ಜಾಲ ಕುಸಿದಾಗಲೂ ಅದೇ ಕಥೆ. ನಿರ್ವಹಣೆಯ ನೆಟ್‌ವರ್ಕ್ ಅದೇ ಕೋರ್ ನೆಟ್‌ವರ್ಕನ್ನು ನೆಚ್ಚಿಕೊಂಡಿತ್ತು. ಕೋರ್ ಬಿದ್ದಾಗ ಅದನ್ನು ಎತ್ತಬೇಕಾದವರ ಕೈಗೂ ದಾರಿ ಇಲ್ಲವಾಯಿತು. ಎರಡೂ ಕಡೆ ಉಪಕರಣದ ಕೊರತೆ ಇರಲಿಲ್ಲ. ದಾರಿ ಬೇರೆಯಾಗಿರಲಿಲ್ಲ, ಅಷ್ಟೇ.

ಈಗಲೂ ಸೀರಿಯಲ್ಲೇ ಏಕೆ

ಆರ್‌ಎಸ್-232 ಮಾನಕ ಹುಟ್ಟಿದ್ದು 1960ರಲ್ಲಿ. ಕಳಿಸಲು ಒಂದು ತಂತಿ, ಪಡೆಯಲು ಒಂದು, ಗ್ರೌಂಡ್ ಒಂದು. ಇಷ್ಟಿದ್ದರೆ ಕೆಲಸ ನಡೆಯುತ್ತದೆ. ನೆಟ್‌ವರ್ಕ್ ಡ್ರೈವರ್ ಬೇಡ, ಐಪಿ ವಿಳಾಸ ಬೇಡ, ಗ್ರಾಫಿಕ್ಸ್ ಬೇಡ. ಆದ್ದರಿಂದಲೇ ಕರ್ನಲ್ ಕಣ್ಣು ಬಿಡುವ ಹೊತ್ತಿನಲ್ಲೂ ಪ್ಯಾನಿಕ್ ಆಗಿ ಕುಸಿಯುವ ಹೊತ್ತಿನಲ್ಲೂ ಅದು ಮಾತಾಡಬಲ್ಲದು.

ಇನ್ನೊಂದು ಗುಣವನ್ನು ನಾನು ಇದಕ್ಕಿಂತಲೂ ಮೇಲಿಡುತ್ತೇನೆ. ಸೀರಿಯಲ್‌ನಲ್ಲಿ ಬರುವುದೆಲ್ಲ ಅಕ್ಷರ. ಅಕ್ಷರವನ್ನು ಫೈಲಿಗೆ ಬರೆದಿಡಬಹುದು, ಹುಡುಕಬಹುದು, ಬಗ್ ವರದಿಗೆ ಹಾಗೇ ಅಂಟಿಸಬಹುದು. ರಾತ್ರಿ ಮೂರಕ್ಕೆ ಸರ್ವರ್ ಸತ್ತಿದೆ ಎಂದುಕೊಳ್ಳಿ. ಬೆಳಿಗ್ಗೆ ಕೆವಿಎಂ ತೆರೆದರೆ ಕಾಣುವುದು ಪರದೆಯಲ್ಲಿ ಉಳಿದ ಕೊನೆಯ ಇಪ್ಪತ್ತೈದು ಸಾಲು. ಪ್ಯಾನಿಕ್‌ಗೆ ಕಾರಣ ಹೇಳುವ ಮೊದಲ ಸಾಲು ಆಗಲೇ ಮೇಲಕ್ಕೆ ಸರಿದುಹೋಗಿರುತ್ತದೆ. ಯಾರಾದರೂ ರೀಸೆಟ್ ಒತ್ತಿದ್ದರೆ ಅದೂ ಇಲ್ಲ. ಸೀರಿಯಲ್ ಔಟ್‌ಪುಟ್ಟನ್ನು ಸದಾ ಬರೆದುಕೊಳ್ಳುವ ವ್ಯವಸ್ಥೆ ಇದ್ದರೆ ಇಡೀ ಟ್ರೇಸ್ ಸಮಯದ ಗುರುತಿನೊಂದಿಗೆ ಕೈಯಲ್ಲಿರುತ್ತದೆ. ಆಯ್ಕೆ ಮಾಡುವಾಗ ‘ಲಾಗ್ ಯಾರು ಬರೆಯುತ್ತಾರೆ’ ಎಂಬುದನ್ನು ಎರಡನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳಿ.

ವೇಗದ ಲೆಕ್ಕವೂ ಒಂದಿಷ್ಟು ತಿಳಿದಿರಲಿ. 9600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಅಕ್ಷರಕ್ಕೆ ಹತ್ತು ಬಿಟ್‌ನಂತೆ ಸೆಕೆಂಡಿಗೆ 960 ಅಕ್ಷರ ಹೋಗುತ್ತದೆ. 80 ಕಾಲಂ, 25 ಸಾಲಿನ ಒಂದು ಪರದೆ ತುಂಬಲು ಎರಡು ಸೆಕೆಂಡಿನ ಮೇಲೆ ಬೇಕು. ಸರ್ವರ್ ಆನ್ ಆದಾಗ ಮೊದಲು ಓಡುವ ಬಯಾಸ್‌ನ ಮೆನುವಿನಲ್ಲಿ ಓಡಾಡುವುದು ಯಾತನೆ. 115200ರಲ್ಲಿ 11,520 ಅಕ್ಷರ. ನಿಧಾನದ ಪೋರ್ಟಿಗೆ ಕರ್ನಲ್ ವಿಪರೀತ ಸಂದೇಶ ಸುರಿದರೆ ಸರ್ವರೇ ಅದಕ್ಕಾಗಿ ಕಾಯುತ್ತಾ ನಿಲ್ಲಬಹುದು. ಪ್ರೊಸೆಸರ್ ಸಿಕ್ಕಿಕೊಂಡಿದೆ ಎನ್ನುವ ಸಾಫ್ಟ್ ಲಾಕಪ್ ಎಚ್ಚರಿಕೆ ಬಂದಾಗ ಕಾರಣ ಕನ್ಸೋಲೇ ಆಗಿರುವ ಸಂದರ್ಭಗಳೂ ಉಂಟು. ಸರ್ವರ್‌ಗಳಿಗೆ 115200 ಇಡಿ, ಕನ್ಸೋಲಿಗೆ ಹೋಗುವ ಲಾಗ್ ಮಟ್ಟವನ್ನು ಇಳಿಸಿ. ಸಿಸ್ಕೋ ಸ್ವಿಚ್ ಮತ್ತು ರೂಟರ್‌ಗಳು ಬರುವುದೇ 9600ರಲ್ಲಿ. ಅವನ್ನು ಹಾಗೇ ಬಿಡುವುದು ಜಾಣತನ, ಏಕೆಂದರೆ ಹೊಸ ಸ್ವಿಚ್ ಬದಲಿಗೆ ಬಂದಾಗ ಅದೂ 9600ರಲ್ಲೇ ಬರುತ್ತದೆ.

ಬಿಎಂಸಿ: ಆಗಲೇ ದುಡ್ಡು ಕೊಟ್ಟು ಕೊಂಡಿದ್ದೀರಿ

ಇತ್ತೀಚಿನ ಯಾವುದೇ ರ‍್ಯಾಕ್ ಸರ್ವರಿನ ಮದರ್‌ಬೋರ್ಡ್ ಮೇಲೆ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಇರುತ್ತದೆ. ಎಷ್ಟೋ ಬೋರ್ಡ್‌ಗಳಲ್ಲಿ ಅದು ಆಸ್ಪೀಡ್ ಕಂಪನಿಯ ಚಿಪ್, ಒಳಗೆ ಓಡುವುದು ಲಿನಕ್ಸ್. ಡೆಲ್ ಇದನ್ನು ಐಡ್ರ್ಯಾಕ್ ಎನ್ನುತ್ತದೆ, ಎಚ್‌ಪಿಇ ಐಎಲ್‌ಒ ಎನ್ನುತ್ತದೆ. ಸರ್ವರ್ ಆಫ್ ಆಗಿದ್ದರೂ ಸ್ಟ್ಯಾಂಡ್‌ಬೈ ಕರೆಂಟಿನಲ್ಲಿ ಇದು ಜೀವಂತ. ಇಂಟೆಲ್, ಎಚ್‌ಪಿ, ಡೆಲ್, ಎನ್‌ಇಸಿ ಸೇರಿ 1998ರಲ್ಲಿ ತಂದ ಐಪಿಎಂಐ ಇದರ ಸಾಮಾನ್ಯ ಭಾಷೆ. 2004ರ 2.0 ಆವೃತ್ತಿಯಲ್ಲಿ ಸೀರಿಯಲ್ ಓವರ್ ಲ್ಯಾನ್, ಅಂದರೆ ಎಸ್‌ಒಎಲ್, ಅಧಿಕೃತವಾಗಿ ಸೇರಿತು. ಸರ್ವರಿನ ಒಂದು ಸೀರಿಯಲ್ ಪೋರ್ಟಿನ ಅಕ್ಷರಗಳನ್ನು ಬಿಎಂಸಿ ಹಿಡಿದು ಯುಡಿಪಿ 623ನೇ ಪೋರ್ಟಿನಲ್ಲಿ ನಿಮಗೆ ಕಳಿಸುತ್ತದೆ. ಹೆಚ್ಚುವರಿ ಕೇಬಲ್ ಇಲ್ಲ, ಹೆಚ್ಚುವರಿ ಪೆಟ್ಟಿಗೆ ಇಲ್ಲ. ಗ್ರಾಫಿಕ್ ಕನ್ಸೋಲಿಗೆ ಡೆಲ್‌ನಲ್ಲಿ ಎಂಟರ್‌ಪ್ರೈಸ್, ಎಚ್‌ಪಿಇಯಲ್ಲಿ ಅಡ್ವಾನ್ಸ್ಡ್ ಎಂದು ಲೈಸೆನ್ಸ್ ಕೇಳುವ ಮಾಡೆಲ್‌ಗಳಲ್ಲೂ ಅಕ್ಷರದ ಕನ್ಸೋಲ್ ಸಾಮಾನ್ಯವಾಗಿ ಹಾಗೇ ಸಿಗುತ್ತದೆ.

ಬಿಎಂಸಿಯ ದೊಡ್ಡ ಬಲ ಪವರ್. ಸೀರಿಯಲ್ ಕೇಬಲ್ ಎಷ್ಟೇ ಗಟ್ಟಿಯಾದರೂ ಸ್ತಬ್ಧವಾದ ಮೆಷಿನ್ನಿನ ಪವರ್ ಬಟನ್ ಒತ್ತಲಾರದು. ಬಿಎಂಸಿ ಆಫ್ ಮಾಡಿ ಆನ್ ಮಾಡುತ್ತದೆ, ಫ್ಯಾನ್ ವೇಗ, ತಾಪಮಾನ, ಮೆಮೊರಿ ದೋಷ ಎಲ್ಲ ಹೇಳುತ್ತದೆ. ಸರ್ವರ್ ಒಂದಕ್ಕೇ ಸೀಮಿತವಾದ ತೊಂದರೆಗೆ, ಅಂದರೆ ಬೂಟ್ ಆಗದ ಕರ್ನಲ್, ತಪ್ಪಿದ ಫೈರ್‌ವಾಲ್, ತುಂಬಿದ ಡಿಸ್ಕ್, ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ದೌರ್ಬಲ್ಯವೂ ಅಲ್ಲೇ. ಬಿಎಂಸಿಗೆ ನೆಟ್‌ವರ್ಕ್ ಬೇಕು, ಅಂದರೆ ಸ್ವಿಚ್ ಬೇಕು. ಕೆಟ್ಟಿರುವುದು ಆ ಸ್ವಿಚ್ಚೇ ಆದರೆ ರ‍್ಯಾಕಿನ ಇಪ್ಪತ್ತು ಬಿಎಂಸಿಗಳೂ ಒಟ್ಟಿಗೇ ಮೌನ. ಹಣ ಉಳಿಸಲು ಹಂಚಿಕೆಯ ಪೋರ್ಟ್ ಬಳಸಿದ್ದರೆ, ಅಂದರೆ ಸರ್ವರಿನ ಸಾಮಾನ್ಯ ನೆಟ್‌ವರ್ಕ್ ಪೋರ್ಟಿನಲ್ಲೇ ಬಿಎಂಸಿಯ ಸಂಚಾರವೂ ಹೋಗುತ್ತಿದ್ದರೆ, ಇನ್ನಷ್ಟು ಕಿರಿಕಿರಿ. ಬೂಟ್ ವೇಳೆ ನೆಟ್‌ವರ್ಕ್ ಡ್ರೈವರ್ ಲೋಡ್ ಆಗುವಾಗ ಲಿಂಕ್ ಒಮ್ಮೆ ಬಿದ್ದು ಏಳುತ್ತದೆ, ಎಸ್‌ಒಎಲ್ ಕೆಲವು ಸೆಕೆಂಡು ಕುರುಡಾಗುತ್ತದೆ. ನೀವು ನೋಡಬೇಕೆಂದಿದ್ದ ಸಾಲು ಬಹಳ ಸಲ ಆ ಸೆಕೆಂಡುಗಳಲ್ಲೇ ಇರುತ್ತದೆ. ಪ್ರತ್ಯೇಕ ಪೋರ್ಟ್ ಇದ್ದರೆ ಅದನ್ನೇ ಬಳಸಿ, ಪ್ರತ್ಯೇಕ ಸ್ವಿಚ್ಚಿಗೆ ಹಾಕಿ. ಸೂಪರ್‌ಮೈಕ್ರೋ ಬೋರ್ಡ್‌ಗಳಲ್ಲಿ ಫೇಲ್‌ಓವರ್ ಎಂಬ ಮೋಡ್ ಇದೆ. ಪ್ರತ್ಯೇಕ ಪೋರ್ಟಿನಲ್ಲಿ ಕೇಬಲ್ ಕಾಣದಿದ್ದರೆ ಬಿಎಂಸಿ ತಾನಾಗಿ ಮೊದಲ ಲ್ಯಾನ್ ಪೋರ್ಟಿಗೆ ಹಾರುತ್ತದೆ. ಆ ಪೋರ್ಟ್ ಇಂಟರ್ನೆಟ್ಟಿಗೆ ತೆರೆದಿದ್ದರೆ ನಿಮಗೆ ಗೊತ್ತಿಲ್ಲದೇ ಬಿಎಂಸಿ ಬಯಲಿಗೆ ಬಂದಿರುತ್ತದೆ. ಆ ಮೋಡನ್ನು ಬದಲಿಸದೆ ಸರ್ವರನ್ನು ರ‍್ಯಾಕಿಗೆ ಏರಿಸಬೇಡಿ.

ಬಯಲಿಗೆ ಬಂದರೆ ಏನಾಗುತ್ತದೆ? ಐಪಿಎಂಐ 2.0ರ ಲಾಗಿನ್ ವಿಧಾನದಲ್ಲೇ ಒಂದು ಬಿರುಕಿದೆ. ಸರಿಯಾದ ಬಳಕೆದಾರರ ಹೆಸರು ಹೇಳಿದವರಿಗೆ, ಪಾಸ್‌ವರ್ಡ್ ಗೊತ್ತಿದೆಯೋ ಇಲ್ಲವೋ ನೋಡುವ ಮೊದಲೇ, ಬಿಎಂಸಿ ಆ ಪಾಸ್‌ವರ್ಡಿನ ಹ್ಯಾಶ್, ಅಂದರೆ ಅದರಿಂದ ಲೆಕ್ಕ ಹಾಕಿದ ಗುರುತು, ಕಳಿಸಿಬಿಡುತ್ತದೆ. ಅದನ್ನು ಮನೆಗೆ ಒಯ್ದು ನಿಧಾನವಾಗಿ ಒಡೆಯಬಹುದು. 2013ರಲ್ಲೇ ಇದು ಬಹಿರಂಗವಾಯಿತು. ದೋಷ ಮಾನಕದ್ದೇ ಆದ್ದರಿಂದ ಫರ್ಮ್‌ವೇರ್ ಅಪ್‌ಡೇಟ್ ಇದನ್ನು ವಾಸಿ ಮಾಡುವುದಿಲ್ಲ. ಪಾಸ್‌ವರ್ಡ್ ಕೂಡ 20 ಬೈಟ್‌ಗಿಂತ ಉದ್ದ ಇರುವಂತಿಲ್ಲ. ಹಾಗಾಗಿ ಬಿಎಂಸಿಗಳು ಪ್ರತ್ಯೇಕ ವಿಎಲ್ಯಾನ್‌ನಲ್ಲಿ (ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲದಲ್ಲಿ), ವಿಪಿಎನ್ ಹಿಂದೆ ಇರಲೇಬೇಕು. ಇದರಲ್ಲಿ ರಾಜಿ ಇಲ್ಲ. ಐಡ್ರ್ಯಾಕ್, ಐಎಲ್‌ಒ, ತೆರೆದ ಬಿಎಂಸಿ ತಂತ್ರಾಂಶವಾದ ಓಪನ್‌ಬಿಎಂಸಿಗಳು ಎಸ್‌ಎಸ್‌ಎಚ್ ಮೂಲಕವೂ ಸೀರಿಯಲ್ ಕನ್ಸೋಲ್ ಕೊಡುತ್ತವೆ. ಅದು ಸಿಗುವ ಕಡೆ ಐಪಿಎಂಐ ಓವರ್ ಲ್ಯಾನನ್ನು ಪೂರ್ತಿ ಆಫ್ ಮಾಡಿ ಎಂಬುದು ನನ್ನ ಸಲಹೆ.

ಇನ್ನು ಬಿಎಂಸಿಯೂ ಹ್ಯಾಂಗ್ ಆಗುತ್ತದೆ. ಆಪರೇಟಿಂಗ್ ಸಿಸ್ಟಂ ಜೀವಂತವಿದ್ದರೆ ಒಳಗಿನಿಂದ ಐಪಿಎಂಐಟೂಲ್ ಎಂಬ ಕಮಾಂಡಿನಲ್ಲಿ ಕೋಲ್ಡ್ ರೀಸೆಟ್ ಕೊಟ್ಟು ಎಬ್ಬಿಸಬಹುದು. ಎರಡೂ ಒಟ್ಟಿಗೆ ಸತ್ತರೆ ಪವರ್ ಕೇಬಲ್ ಕಿತ್ತು ಹಾಕುವುದೊಂದೇ ಉಪಾಯ. ದೂರದಲ್ಲಿರುವವರಿಗೆ ಅಂದರೆ ನೆಟ್‌ವರ್ಕಿನಿಂದ ಒಂದೊಂದೇ ಸಾಕೆಟ್ ಆಫ್ ಮಾಡಬಲ್ಲ ಪಿಡಿಯು ಎಂಬ ಪವರ್ ಪಟ್ಟಿ, ಇಲ್ಲವೇ ನಮ್ಮ ಪರವಾಗಿ ಕೈಕೆಲಸ ಮಾಡಿಕೊಡುವ ಡೇಟಾ ಸೆಂಟರಿನ ರಿಮೋಟ್ ಹ್ಯಾಂಡ್ಸ್ ಸಿಬ್ಬಂದಿಗೆ ಟಿಕೆಟ್.

ಕನ್ಸೋಲ್ ಸರ್ವರ್: ಸ್ವಿಚ್ಚು, ರೂಟರಿಗೆ ಆಸರೆ

8, 16, 32, 48 ಸೀರಿಯಲ್ ಪೋರ್ಟ್‌ಗಳಿರುವ, ಒಂದು ಯೂನಿಟ್ ಎತ್ತರದ ಪೆಟ್ಟಿಗೆ. ವರ್ಟಿವ್‌ನ ಅವೊಸೆಂಟ್, ಓಪನ್‌ಗಿಯರ್, ಲ್ಯಾಂಟ್ರಾನಿಕ್ಸ್ ಇಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು. ಓಪನ್‌ಗಿಯರ್ 2019ರಿಂದ ಡಿಜಿ ಕಂಪನಿಯ ಕೈಯಲ್ಲಿದೆ. ಸೈಕ್ಲೇಡ್ಸ್ ಎಂಬ ಹಳೆಯ ಬ್ರ್ಯಾಂಡಿನ ಪೆಟ್ಟಿಗೆಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಗುತ್ತವೆ. ಅವುಗಳ ಎಸ್‌ಎಸ್‌ಎಚ್ ಎಷ್ಟು ಹಳತೆಂದರೆ ಇಂದಿನ ಕ್ಲೈಂಟ್‌ಗಳು ಮಾತಾಡಲು ಒಪ್ಪುವುದೇ ಕಷ್ಟ. ಹೊಸದು ಕೊಂಡರೆ ಹದಿನಾರು ಪೋರ್ಟಿನದಕ್ಕೆ ಲಕ್ಷ ರೂಪಾಯಿಯ ಆಸುಪಾಸು ಅಥವಾ ಮೇಲೆ ಎಂದು ಲೆಕ್ಕ ಹಾಕಿಕೊಳ್ಳಿ.

ಇಷ್ಟು ದುಡ್ಡು ಯಾಕೆ ಕೊಡಬೇಕು? ಬಿಎಂಸಿ ಇಲ್ಲದ ಸಾಮಾನುಗಳಿಗಾಗಿ. ಸ್ವಿಚ್, ರೂಟರ್, ಫೈರ್‌ವಾಲ್, ಸ್ಟೋರೇಜ್ ಕಂಟ್ರೋಲರ್, ಕೆಲವು ಪಿಡಿಯುಗಳು. ಇವಕ್ಕೆಲ್ಲ ಕೊನೆಯ ಬಾಗಿಲು ಸೀರಿಯಲ್ ಪೋರ್ಟೇ. ರೂಟರಿನಲ್ಲಿ ತಪ್ಪು ಆಕ್ಸೆಸ್ ಲಿಸ್ಟ್ (ಯಾರನ್ನು ಒಳಬಿಡಬೇಕೆಂಬ ಪಟ್ಟಿ) ಹಾಕಿ ನೀವೇ ಹೊರಗುಳಿದರೆ ಬಿಎಂಸಿಗಳ ದಾರಿಯೂ ಆ ರೂಟರ್ ಮೂಲಕವೇ ಇರುವುದರಿಂದ ಅವು ಪ್ರಯೋಜನಕ್ಕೆ ಬಾರವು. ಕನ್ಸೋಲ್ ಸರ್ವರಿಗೆ ಸ್ವಂತ ಎಲ್‌ಟಿಇ (4ಜಿ ಮೊಬೈಲ್) ಮೋಡೆಮ್ ಇದ್ದರೆ ಇಡೀ ಸೈಟಿನ ಲಿಂಕ್ ಬಿದ್ದಾಗಲೂ ಒಳಹೊಕ್ಕು ರೂಟರಿನ ಕನ್ಸೋಲ್ ಹಿಡಿಯಬಹುದು. ಜೊತೆಗೆ ಪ್ರತಿ ಪೋರ್ಟಿನ ಔಟ್‌ಪುಟ್ಟನ್ನೂ ಅದು ಹಗಲಿರುಳು ಬರೆದಿಡುತ್ತದೆ. ಯಾರು ಯಾವಾಗ ಯಾವ ಪೋರ್ಟಿಗೆ ಬಂದರು ಎಂಬ ದಾಖಲೆಯೂ ಇರುತ್ತದೆ, ಆಡಿಟ್ ಇರುವ ಬ್ಯಾಂಕ್‌ನಂಥ ಕಡೆ ಇದಕ್ಕೆ ಬೆಲೆ ಇದೆ.

ಕೊಳ್ಳುವ ಮೊದಲು ಕೇಬಲ್ ಬಗ್ಗೆ ತಲೆ ಕೆಡಿಸಿಕೊಳ್ಳಿ, ಕೊಂಡಮೇಲೆ ಅಲ್ಲ. ಆರ್‌ಜೆ-45 ತೂತು ನೋಡಿದರೆ ಎಲ್ಲ ಒಂದೇ. ಒಳಗಿನ ಪಿನ್ ಜೋಡಣೆ ಮಾತ್ರ ಕಂಪನಿಗೊಂದು. ಸಿಸ್ಕೋದ ತಿಳಿನೀಲಿ ಚಪ್ಪಟೆ ಕೇಬಲ್ ರೋಲ್‌ಓವರ್, ಅಂದರೆ ಒಂದನೇ ಪಿನ್ ಎಂಟಕ್ಕೆ, ಎರಡನೆಯದು ಏಳಕ್ಕೆ. ಕೆಲವು ಕನ್ಸೋಲ್ ಸರ್ವರ್‌ಗಳಿಗೆ ನೇರ ಕೇಬಲ್ ಹಾಕಿದರೆ ಸಿಸ್ಕೋ ಮಾತಾಡುತ್ತದೆ, ಇನ್ನು ಕೆಲವಕ್ಕೆ ರೋಲ್‌ಓವರ್ ಬೇಕು. ಸರ್ವರಿನ ಒಂಬತ್ತು ಪಿನ್ನಿನ ಡಿಬಿ-9ಗೆ ಅಡಾಪ್ಟರ್ ಬೇಕು, ಅದು ನಲ್ ಮೋಡೆಮ್ ರೀತಿ ಪಡೆಯುವ, ಕಳಿಸುವ ಪಿನ್‌ಗಳಾದ ಎರಡನ್ನೂ ಮೂರನ್ನೂ ಅದಲುಬದಲು ಮಾಡುವಂಥದ್ದಾಗಿರಬೇಕು. ಪೆಟ್ಟಿಗೆ ಆರ್ಡರ್ ಮಾಡುವಾಗಲೇ ನಿಮ್ಮಲ್ಲಿರುವ ಪ್ರತಿ ಸಾಧನದ ಮಾಡೆಲ್ ಬರೆದು ಯಾವುದಕ್ಕೆ ಯಾವ ಕೇಬಲ್ ಎಂದು ಮಾರುವವರಿಂದ ಲಿಖಿತವಾಗಿ ತರಿಸಿಕೊಳ್ಳಿ.

ಬ್ರೇಕ್ ಸಂಕೇತದ ವಿಷಯವನ್ನೂ ಕೇಳಿ. ಕಳಿಸುವ ತಂತಿಯನ್ನು ಒಂದಕ್ಷರದ ಹೊತ್ತಿಗಿಂತ ಹೆಚ್ಚು ಕಾಲ ಒಂದೇ ಸ್ಥಿತಿಯಲ್ಲಿ ಹಿಡಿಯುವುದೇ ಬ್ರೇಕ್. ಸನ್ ಕಂಪನಿಯ ಸ್ಪಾರ್ಕ್ ಮೆಷಿನ್‌ಗಳು ಸೀರಿಯಲ್‌ನಲ್ಲಿ ಬ್ರೇಕ್ ಬಂದರೆ ಇದ್ದಲ್ಲೇ ನಿಂತು ಫರ್ಮ್‌ವೇರಿನ ಓಕೆ ಪ್ರಾಂಪ್ಟಿಗೆ ಇಳಿಯುತ್ತಿದ್ದವು. ಟರ್ಮಿನಲ್ ಸರ್ವರನ್ನು (ಕನ್ಸೋಲ್ ಸರ್ವರಿನಂಥದೇ ಪೆಟ್ಟಿಗೆ) ಆಫ್ ಮಾಡಿ ಆನ್ ಮಾಡಿದಾಗ ಕೆಲವು ಪೆಟ್ಟಿಗೆಗಳು ಎಲ್ಲ ಪೋರ್ಟಿಗೂ ಬ್ರೇಕ್ ಕಳಿಸಿ ಸಾಲುಸಾಲಾಗಿ ಸರ್ವರ್‌ಗಳನ್ನು ನಿಲ್ಲಿಸಿದ್ದುಂಟು. ಲಿನಕ್ಸ್‌ನಲ್ಲಿ ಬ್ರೇಕ್ ಉಪಕಾರಿ: ಬ್ರೇಕ್ ಕಳಿಸಿ ಐದು ಸೆಕೆಂಡಿನೊಳಗೆ ಒಂದು ಅಕ್ಷರ ಒತ್ತಿದರೆ ಅದು ಮ್ಯಾಜಿಕ್ ಸಿಸ್‌ರಿಕ್ಯು, ಅಂದರೆ ಕರ್ನಲ್‌ಗೆ ನೇರ ಆಜ್ಞೆ. ಶೆಲ್ ಸತ್ತಿದ್ದರೂ ಡಿಸ್ಕ್ ಸಿಂಕ್ ಮಾಡಿಸಿ ರೀಬೂಟ್ ಮಾಡಿಸಬಹುದು. ಕೊಳ್ಳುವ ಪೆಟ್ಟಿಗೆಯಲ್ಲಿ ಬ್ರೇಕ್ ಕಳಿಸುವುದು ಹೇಗೆಂದು ಮೊದಲ ದಿನವೇ ಕಲಿತುಕೊಳ್ಳಿ.

ರಾಸ್‌ಬೆರಿ ಪೈ ಮತ್ತು ಯುಎಸ್‌ಬಿ ಕೇಬಲ್

ಐದಾರು ಸಾಧನಗಳಷ್ಟೇ ಇದ್ದರೆ ಲಕ್ಷ ಸುರಿಯಬೇಕಿಲ್ಲ. ಒಂದು ಪೈ ಅಥವಾ ಹಳೆಯ ಪುಟ್ಟ ಪಿಸಿ, ಪವರ್ ಇರುವ ಯುಎಸ್‌ಬಿ ಹಬ್, ಕೆಲವು ನೂರು ರೂಪಾಯಿಗೆ ಒಂದರಂತೆ ಯುಎಸ್‌ಬಿ ಸೀರಿಯಲ್ ಕೇಬಲ್‌ಗಳು. ಅದರ ಮೇಲೆ ಕಾನ್‌ಸರ್ವರ್ ತಂತ್ರಾಂಶ ಹಾಕಿದರೆ ಎಲ್ಲ ಪೋರ್ಟಿನ ಲಾಗ್ ಬರೆಯುತ್ತದೆ, ಒಬ್ಬರು ಟೈಪ್ ಮಾಡುವಾಗ ಮತ್ತೊಬ್ಬರು ನೋಡಬಹುದು. ದೊಡ್ಡ ಪೆಟ್ಟಿಗೆಯ ಮುಖ್ಯ ಗುಣಗಳಲ್ಲಿ ಎರಡು ಇಲ್ಲಿ ಉಚಿತವಾಗಿ ಸಿಕ್ಕವು. ಬರೀ ಪೋರ್ಟನ್ನು ನೆಟ್‌ವರ್ಕಿಗೆ ತರುವುದಿದ್ದರೆ ಸೆರ್2ನೆಟ್ ಸಾಕು, ಆದರೆ ಅದನ್ನು ತೆರೆದ ಟಿಸಿಪಿ ಪೋರ್ಟಾಗಿ ಬಿಡದೆ ಆ ಮೆಷಿನ್ನಿನೊಳಗಿನಿಂದ ಮಾತ್ರ ಸಿಗುವ ಲೋಕಲ್‌ಹೋಸ್ಟಿಗೆ ಕಟ್ಟಿ ಎಸ್‌ಎಸ್‌ಎಚ್ ಮೂಲಕ ಬನ್ನಿ.

ಒಂದು ಅಪಾಯವನ್ನು ಒತ್ತಿ ಹೇಳಬೇಕು. ಪೈ ಮೇಲಿನ ಪಿನ್‌ಗಳಲ್ಲಿರುವ ಸೀರಿಯಲ್ 3.3 ವೋಲ್ಟಿನದು. ಸರ್ವರಿನ ಆರ್‌ಎಸ್-232 ಪೋರ್ಟಿನಲ್ಲಿ ವೋಲ್ಟೇಜ್ ಧನ ಋಣ ಎರಡೂ ಕಡೆಗೆ ಹೋಗುತ್ತದೆ, 15 ವೋಲ್ಟಿನವರೆಗೂ ಇರಬಹುದು. ಎರಡನ್ನೂ ನೇರ ಜೋಡಿಸಿದರೆ ಪೈ ಸುಟ್ಟುಹೋಗುತ್ತದೆ. ಕೇಬಲ್ ಕೊಳ್ಳುವಾಗ ಕಡಿಮೆ ವೋಲ್ಟಿನ ಟಿಟಿಎಲ್ ಎಂದು ಬರೆದದ್ದನ್ನು ಬಿಟ್ಟು ಆರ್‌ಎಸ್-232 ಎಂದು ಬರೆದದ್ದನ್ನೇ ತೆಗೆದುಕೊಳ್ಳಿ.

ಇನ್ನೊಂದು ಗೊಂದಲ ಹೆಸರುಗಳದ್ದು. ಪೈ ರೀಬೂಟ್ ಆದಾಗ ನಿನ್ನೆ ಯುಎಸ್‌ಬಿ0 ಆಗಿದ್ದ ಕೇಬಲ್ ಇಂದು ಯುಎಸ್‌ಬಿ2 ಆಗಬಹುದು. ರೂಟರ್ ಎಂದುಕೊಂಡು ಸ್ಟೋರೇಜಿಗೆ ರೀಬೂಟ್ ಟೈಪ್ ಮಾಡುವ ಅನಾಹುತ ಇಲ್ಲಿಂದಲೇ. ಎಫ್‌ಟಿಡಿಐ ಚಿಪ್ ಇರುವ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಬೇರೆ ಸೀರಿಯಲ್ ನಂಬರ್ ಇರುತ್ತದೆ, ಸಾಧನಗಳಿಗೆ ಹೆಸರಿಡುವ ಲಿನಕ್ಸಿನ ಯುಡೆವ್ ಅದರ ಆಧಾರದ ಮೇಲೆ ಸ್ಥಿರ ಹೆಸರು ಕೊಡುತ್ತದೆ. ಅಗ್ಗದ ಸಿಎಚ್340 ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಯಾವ ಹಬ್ಬಿನ ಯಾವ ತೂತು ಎಂಬುದರ ಮೇಲೆ ಹೆಸರಿಡಬೇಕು, ಆಮೇಲೆ ಯಾರೂ ಕೇಬಲ್ ಸ್ಥಳ ಬದಲಿಸದಂತೆ ಲೇಬಲ್ ಅಂಟಿಸಬೇಕು. ಅಸಲಿ ಚಿಪ್ಪಿಗೆ ಸ್ವಲ್ಪ ಹೆಚ್ಚು ಕೊಡಿ. ನಕಲಿ ಎಫ್‌ಟಿಡಿಐ ಚಿಪ್‌ಗಳನ್ನು 2014ರಲ್ಲಿ ವಿಂಡೋಸ್ ಡ್ರೈವರೊಂದು ಕೆಲಸಕ್ಕೆ ಬಾರದಂತೆ ಮಾಡಿದ್ದು ಆಗ ದೊಡ್ಡ ಗಲಾಟೆಯಾಗಿತ್ತು.

ಪೈಯ ಮಿತಿ ಪೈಯೇ. ಒಂದೇ ಪವರ್ ಸಪ್ಲೈ, ಸವೆಯುವ ಎಸ್‌ಡಿ ಕಾರ್ಡ್. ದೊಡ್ಡ ಕನ್ಸೋಲ್ ಸರ್ವರ್‌ಗಳಲ್ಲಿ ಎರಡು ಪವರ್ ಸಪ್ಲೈ ಇರುವ ಮಾಡೆಲ್ ಸಿಗುತ್ತವೆ. ಎಸ್‌ಎಸ್‌ಡಿಯಿಂದ ಬೂಟ್ ಮಾಡಿಸಿ, ಲಾಗ್‌ಗಳನ್ನು ಬೇರೆ ಮೆಷಿನ್ನಿಗೂ ಕಳಿಸಿ. ಮನೆ ಲ್ಯಾಬಿಗೆ, ಕಾಲೇಜಿನ ಸರ್ವರ್ ರೂಮಿಗೆ, ಸಣ್ಣ ಕಂಪನಿಯ ಅರ್ಧ ರ‍್ಯಾಕಿಗೆ ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಕೆಟ್ಟರೆ ದಿನದ ವ್ಯವಹಾರವೇ ನಿಲ್ಲುವ ಕಡೆಗೆ ಹೇಳುವುದಿಲ್ಲ.

ಎರಡು ಸರ್ವರ್ ಮಾತ್ರ ಇದ್ದರೆ ಇದಕ್ಕಿಂತಲೂ ಸುಲಭದ್ದೊಂದಿದೆ. ಒಂದರ ಸೀರಿಯಲ್ ಪೋರ್ಟಿನಿಂದ ಮತ್ತೊಂದಕ್ಕೆ ನಲ್ ಮೋಡೆಮ್ ಕೇಬಲ್. ಎರಡರಲ್ಲೂ ಎರಡು ಪೋರ್ಟ್ ಇದ್ದರೆ ಎರಡು ಕೇಬಲ್ ಅಡ್ಡಡ್ಡ ಹಾಕಿ, ಒಬ್ಬರಿಗೊಬ್ಬರು ಕಾವಲು.

ಕೆವಿಎಂ, ಕ್ಲೌಡ್

ಐಪಿ ಕೆವಿಎಂ ಪರದೆಯ ಚಿತ್ರವನ್ನೇ ಕಳಿಸುತ್ತದೆ. ವಿಂಡೋಸ್ ಹೆಚ್ಚಿದ್ದರೆ ಅದು ಬೇಕೇ ಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳು ನೀಲಿ ಪರದೆಗೆ ಬಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಬೇಕಿತ್ತು. ಆ ದಿನ ದೂರದ ಪರದೆ ಕೈಗೆ ಸಿಕ್ಕವರು ಕೂತಲ್ಲೇ ಕೆಲಸ ಮಾಡಿದರು, ಉಳಿದವರು ಮೆಷಿನ್ನಿನಿಂದ ಮೆಷಿನ್ನಿಗೆ ನಡೆದರು. ಬಿಎಂಸಿ ಇಲ್ಲದ ಸಾದಾ ಪಿಸಿಗಳಿಗೆ ಪೈಕೆವಿಎಂ ಒಳ್ಳೆಯ ತೆರೆದ ಆಯ್ಕೆ. ವಿಂಡೋಸ್ ಸರ್ವರಿಗೂ ಇಎಂಎಸ್ ಎಂಬ ಸೀರಿಯಲ್ ಸೌಲಭ್ಯ 2003ರ ಆವೃತ್ತಿಯಿಂದಲೇ ಇದೆ, ಬಳಸುವವರು ಕಡಿಮೆ. ಲಿನಕ್ಸ್ ಮತ್ತು ಬಿಎಸ್‌ಡಿ ಸರ್ವರ್‌ಗಳಿಗೆ ಮಾತ್ರ ನಾನು ಸೀರಿಯಲ್ಲೇ ಮೇಲು ಎನ್ನುತ್ತೇನೆ: ನಿಧಾನದ ಲಿಂಕಿನಲ್ಲೂ ನಡೆಯುತ್ತದೆ, ಲಾಗ್ ಉಳಿಯುತ್ತದೆ.

ಸರ್ವರ್‌ಗಳು ಕ್ಲೌಡಿನಲ್ಲಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ, ಅವರು ಕೊಟ್ಟದ್ದೇ. ಎಡಬ್ಲ್ಯುಎಸ್ 2021ರಲ್ಲಿ ನೈಟ್ರೋ ಆಧಾರಿತ ಇಸಿ2ಗೆ ಸೀರಿಯಲ್ ಕನ್ಸೋಲ್ ತಂದಿತು, ಅಜೂರ್ ಮತ್ತು ಗೂಗಲ್‌ನಲ್ಲೂ ಇದೆ. ಅಲ್ಲಿ ಹಲವರು ಎಡವುವುದು ಒಂದೇ ಕಡೆ: ಎಲ್ಲರೂ ಕೀ ಬಳಸಿ ಲಾಗಿನ್ ಆಗುತ್ತಿರುವುದರಿಂದ ಮೆಷಿನ್ನಿನಲ್ಲಿ ಪಾಸ್‌ವರ್ಡ್ ಇರುವ ಬಳಕೆದಾರರೇ ಇರುವುದಿಲ್ಲ. ಕನ್ಸೋಲ್ ತೆರೆದರೆ ಲಾಗಿನ್ ಪ್ರಾಂಪ್ಟ್ ಬರುತ್ತದೆ, ಹೊಡೆಯಲು ಪಾಸ್‌ವರ್ಡ್ ಇಲ್ಲ. ಮುಂಚೆಯೇ ಒಂದು ಖಾತೆ ಮಾಡಿಡಿ.

ಯಾರಿಗೆ ಯಾವುದು

ಒಂದು ರ‍್ಯಾಕ್, ಹದಿನೈದು ಇಪ್ಪತ್ತು ಬ್ರ್ಯಾಂಡೆಡ್ ಸರ್ವರ್, ಒಂದೆರಡು ಸ್ವಿಚ್, ಒಂದು ಫೈರ್‌ವಾಲ್: ಬಹುತೇಕ ಕಂಪನಿಗಳ ಸ್ಥಿತಿ ಇದೇ. ಇಲ್ಲಿ ಪ್ರತಿ ಸರ್ವರಿಗೂ ಸೀರಿಯಲ್ ಕೇಬಲ್ ಎಳೆಯುವುದು ವ್ಯರ್ಥ. ಸರ್ವರ್‌ಗಳಿಗೆ ಬಿಎಂಸಿಯನ್ನೇ ಬಳಸಿ. ಎಂಟು ಪೋರ್ಟಿನ ಚಿಕ್ಕ ಕನ್ಸೋಲ್ ಸರ್ವರ್ ಒಂದನ್ನು ತಂದು ಅದಕ್ಕೆ ಸ್ವಿಚ್, ಫೈರ್‌ವಾಲ್ ಮತ್ತು ಬಿಎಂಸಿಗಳು ಕೂತಿರುವ ನಿರ್ವಹಣಾ ಸ್ವಿಚ್, ಇಷ್ಟನ್ನು ಮಾತ್ರ ಜೋಡಿಸಿ. ನೆಟ್‌ವರ್ಕ್ ಎದ್ದರೆ ಬಿಎಂಸಿಗಳು ತಾವಾಗಿ ಸಿಗುತ್ತವೆ, ನೆಟ್‌ವರ್ಕ್ ಎಬ್ಬಿಸುವುದು ನಾಲ್ಕೈದು ಕೇಬಲ್‌ಗಳ ಕೆಲಸ. ಬಜೆಟ್ ಇಲ್ಲವೆಂದರೆ ಆ ಜಾಗಕ್ಕೆ ಪೈ.

ಅದರ ಹೊರದಾರಿ ಬೇರೆ ಇರಲಿ. ಎಲ್‌ಟಿಇ ಸಿಮ್ ಹಾಕುವಾಗ ಮುಖ್ಯ ಲಿಂಕ್ ಕೊಟ್ಟ ಕಂಪನಿಯದನ್ನು ಬಿಟ್ಟು ಬೇರೆಯವರದನ್ನು ಹಾಕಿ. ಡೇಟಾ ಸೆಂಟರಿನ ಒಳಗೆ ಸಿಗ್ನಲ್ ಸಿಗುತ್ತದೆಯೇ ಎಂದು ಫೋನ್ ಹಿಡಿದು ರ‍್ಯಾಕಿನ ಹಿಂದೆಯೇ ನಿಂತು ನೋಡಿ, ಬಾಗಿಲ ಬಳಿಯಲ್ಲಿ ಅಲ್ಲ. ಮೊಬೈಲ್ ಜಾಲದಲ್ಲಿ ಐಪಿವಿ4 ಸಾಮಾನ್ಯವಾಗಿ ಅನೇಕರಿಗೆ ಒಂದೇ ವಿಳಾಸ ಹಂಚುವ ಸಿಜಿನ್ಯಾಟ್ ಹಿಂದಿರುತ್ತದೆ, ಹೊರಗಿನಿಂದ ನೇರ ಕರೆಯಲು ಆಗುವುದಿಲ್ಲ. ಪೆಟ್ಟಿಗೆಯೇ ಹೊರಗಿನ ಒಂದು ವಿಪಿಎನ್ ಸರ್ವರಿಗೆ ಸದಾ ಸುರಂಗ ಕಟ್ಟಿಕೊಂಡಿರುವಂತೆ ಮಾಡಿ. ಆ ವಿಪಿಎನ್ ಸರ್ವರ್ ಇದೇ ರ‍್ಯಾಕಿನಲ್ಲಿರಬಾರದು, ಅದರ ಹೆಸರು ನಿಮ್ಮದೇ ಡಿಎನ್‌ಎಸ್ ಸರ್ವರನ್ನು ನೆಚ್ಚಿರಬಾರದು. ಲಾಗಿನ್ ಕೂಡ ಅಷ್ಟೇ: ಕೇಂದ್ರದ ಎಲ್‌ಡ್ಯಾಪ್ (ಬಳಕೆದಾರರ ಪಟ್ಟಿ) ಸಿಗದಿದ್ದಾಗ ಕೆಲಸ ಮಾಡುವ ಸ್ಥಳೀಯ ಖಾತೆ ಒಂದಿರಲಿ.

ಅನೇಕ ಊರುಗಳಲ್ಲಿ ಶಾಖೆಗಳಿದ್ದು ಒಂದೊಂದರಲ್ಲೂ ಒಂದು ರೂಟರ್, ಒಂದು ಸ್ವಿಚ್ ಇದ್ದರೆ ನಾಲ್ಕು ಪೋರ್ಟಿನ ಎಲ್‌ಟಿಇ ಪೆಟ್ಟಿಗೆಗಳು ಸಾಕು. ಒಬ್ಬ ಎಂಜಿನಿಯರ್ ಒಮ್ಮೆ ಕಲಬುರಗಿಗೋ ಕಾರವಾರಕ್ಕೋ ಹೋಗಿಬರುವ ಖರ್ಚು ಮತ್ತು ಆ ಹೊತ್ತಿನ ನಷ್ಟ ಸೇರಿಸಿದರೆ ಲೆಕ್ಕ ತಾನಾಗಿ ಹೊಂದುತ್ತದೆ.

ಯಾವುದನ್ನೇ ಆರಿಸಿದರೂ

ಹಾರ್ಡ್‌ವೇರ್ ಕೂರಿಸಿದರೆ ಅರ್ಧ ಕೆಲಸವಷ್ಟೇ. ಬಯಾಸ್, ಕರ್ನಲ್ ಲೋಡ್ ಮಾಡುವ ಗ್ರಬ್, ಕರ್ನಲ್, ಲಾಗಿನ್ ಪ್ರಾಂಪ್ಟ್, ಈ ನಾಲ್ಕಕ್ಕೂ ಬೇರೆ ಬೇರೆಯಾಗಿ ಅದೇ ಪೋರ್ಟ್, ಅದೇ ವೇಗ ಹೇಳಬೇಕು. ಎಲ್ಲಿ ತಪ್ಪಿದೆ ಎಂದು ಪರದೆಯೇ ಹೇಳುತ್ತದೆ. ಬಯಾಸ್ ಕಾಣುತ್ತದೆ, ಗ್ರಬ್ ಮೆನು ಕಾಣುತ್ತದೆ, ಕರ್ನಲ್ ಆರಿಸಿದ ಮೇಲೆ ಮೌನ: ಕರ್ನಲ್ ಕಮಾಂಡ್‌ಲೈನಿನಲ್ಲಿ ಕನ್ಸೋಲ್ ಸಂಖ್ಯೆ ತಪ್ಪಿದೆ. ಲಿನಕ್ಸ್ ಸೊನ್ನೆಯಿಂದ ಎಣಿಸುವುದರಿಂದ ಎರಡನೇ ಕಾಮ್ ಪೋರ್ಟ್ ಎಂದರೆ ಟಿಟಿವೈಎಸ್1, ಬಿಎಂಸಿಯ ಎಸ್‌ಒಎಲ್ ಬಹಳ ಕಡೆ ಇದರ ಮೇಲೇ ಇರುತ್ತದೆ. ಕರ್ನಲ್ ಸಂದೇಶ ಬಂದು ಲಾಗಿನ್ ಪ್ರಾಂಪ್ಟ್ ಬರದಿದ್ದರೆ ಆ ಪೋರ್ಟಿನಲ್ಲಿ ಲಾಗಿನ್ ಕೇಳುವ ಗೆಟ್ಟಿ ಪ್ರೋಗ್ರಾಂ ಓಡುತ್ತಿಲ್ಲ. ಪ್ರತಿ ಅಕ್ಷರವೂ ಎರಡೆರಡು ಸಲ ಬಿದ್ದರೆ ಬಯಾಸ್ ಪೋಸ್ಟ್ (ಆರಂಭದ ಸ್ವಯಂಪರೀಕ್ಷೆ) ಮುಗಿದಮೇಲೂ ಪರದೆಯನ್ನು ಸೀರಿಯಲ್ಲಿಗೆ ತಿರುಗಿಸುತ್ತಿದೆ, ಗ್ರಬ್ ತಾನೂ ಬರೆಯುತ್ತಿದೆ. ಬಯಾಸಿನಲ್ಲಿ ಪೋಸ್ಟ್ ನಂತರದ ರಿಡೈರೆಕ್ಷನ್ ಆಫ್ ಮಾಡಿ. ಅರ್ಥವಾಗದ ಚಿಹ್ನೆಗಳ ಮಳೆ ಸುರಿದರೆ ವೇಗ ಹೊಂದುತ್ತಿಲ್ಲ.

ಕರ್ನಲ್‌ಗೆ ಎರಡು ಕನ್ಸೋಲ್ ಕೊಟ್ಟರೆ ಸಂದೇಶ ಎರಡಕ್ಕೂ ಹೋಗುತ್ತದೆ, ಆದರೆ ಕೊನೆಯಲ್ಲಿ ಬರೆದದ್ದೇ ಮುಖ್ಯ ಕನ್ಸೋಲ್. ಎಮರ್ಜೆನ್ಸಿ ಶೆಲ್ ತೆರೆಯುವುದು ಅಲ್ಲೇ, ಆದ್ದರಿಂದ ಸೀರಿಯಲ್ಲನ್ನು ಕೊನೆಗೆ ಬರೆಯಿರಿ. ಸೀರಿಯಲ್‌ನಲ್ಲಿ ಫಂಕ್ಷನ್ ಕೀಗಳು ಹೋಗದಿದ್ದರೆ ಬಹಳಷ್ಟು ಬಯಾಸ್‌ಗಳಲ್ಲಿ ಎಸ್ಕೇಪ್ ಒತ್ತಿ 2 ಒತ್ತಿದರೆ ಎಫ್2, ಎಸ್ಕೇಪ್ ಒತ್ತಿ ಮೈನಸ್ ಒತ್ತಿದರೆ ಡಿಲೀಟ್.

ಹೊರಬರುವ ಕೀಗಳನ್ನೂ ಬರೆದಿಟ್ಟುಕೊಳ್ಳಿ. ಐಪಿಎಂಐಟೂಲ್‌ನಿಂದ ಹೊರಬರಲು ಟಿಲ್ಡ್ (~) ಮತ್ತು ಚುಕ್ಕಿ. ಎಸ್‌ಎಸ್‌ಎಚ್ ಕೂಡ ಅದನ್ನೇ ಬಳಸುವುದರಿಂದ ಜಂಪ್ ಹೋಸ್ಟ್ ಎಂಬ ನಡುವಿನ ಮೆಷಿನ್ ಮೂಲಕ ಹೋಗಿದ್ದರೆ ಎಸ್‌ಎಸ್‌ಎಚ್ಚೇ ಕಡಿದುಹೋಗಿ ಎಸ್‌ಒಎಲ್ ಸೆಷನ್ ಅಲ್ಲೇ ಸಿಕ್ಕಿಕೊಳ್ಳಬಹುದು. ಆಗ ಮುಂದಿನವರಿಗೆ ಸೆಷನ್ ಆಗಲೇ ಚಾಲ್ತಿಯಲ್ಲಿದೆ ಎಂಬ ಉತ್ತರ ಬರುತ್ತದೆ. ಟಿಲ್ಡ್ ಎರಡು ಸಲ ಒತ್ತಿ ಚುಕ್ಕಿ ಒತ್ತಿ. ಸಿಕ್ಕಿಕೊಂಡಿದ್ದರೆ ಐಪಿಎಂಐಟೂಲ್‌ನ ಎಸ್‌ಒಎಲ್ ಡೀಆಕ್ಟಿವೇಟ್ ಕಮಾಂಡ್ ಕೊಡಿ. ಹೊರಬರುವ ಮೊದಲು ಶೆಲ್‌ನಿಂದ ಲಾಗ್‌ಔಟ್ ಆಗುವುದು ಕಡ್ಡಾಯ. ಸೀರಿಯಲ್ ಕಡಿದರೂ ಒಳಗಿನ ಲಾಗಿನ್ ಹಾಗೇ ಉಳಿಯುತ್ತದೆ, ಮುಂದೆ ಆ ಪೋರ್ಟ್ ತೆರೆದವರಿಗೆ ರೂಟ್ ಶೆಲ್ ತಟ್ಟೆಯಲ್ಲಿಟ್ಟು ಕೊಟ್ಟಂತೆ. ಶೆಲ್‌ಗೆ ಕೆಲವು ನಿಮಿಷದ ಟೈಮ್‌ಔಟ್ ಹಾಕಿ.

ಕೊನೆಗೆ ಪರೀಕ್ಷೆ. ಮೇಂಟೆನೆನ್ಸ್ ವಿಂಡೋ ಒಂದನ್ನು ಗೊತ್ತುಮಾಡಿ, ರಿಮೋಟ್ ಹ್ಯಾಂಡ್ಸ್‌ನವರನ್ನು ರ‍್ಯಾಕಿನ ಬಳಿ ನಿಲ್ಲಿಸಿ, ಮುಖ್ಯ ಅಪ್‌ಲಿಂಕ್ ಕೇಬಲ್ ಕೀಳಿಸಿ. ಆಫೀಸ್ ವಿಪಿಎನ್ ಬಿಟ್ಟು ಮೊಬೈಲ್ ಹಾಟ್‌ಸ್ಪಾಟಿನಿಂದ ಕನ್ಸೋಲ್ ಸರ್ವರ್ ಹೊಕ್ಕು ಫೈರ್‌ವಾಲಿಗೆ ಲಾಗಿನ್ ಆಗಿ. ಕೇಬಲ್ ಮತ್ತೆ ಹಾಕಿಸಿ, ಒಂದು ಸರ್ವರನ್ನು ಬಿಎಂಸಿಯಿಂದ ರೀಬೂಟ್ ಮಾಡಿ ಬಯಾಸ್‌ನಿಂದ ಲಾಗಿನ್ ಪ್ರಾಂಪ್ಟ್‌ವರೆಗೆ ಒಂದು ಸಾಲೂ ತಪ್ಪದೆ ಲಾಗ್ ಫೈಲಿಗೆ ಬಿದ್ದಿದೆಯೇ ನೋಡಿ. ಸಿಮ್ಮಿನ ರೀಚಾರ್ಜ್ ದಿನಾಂಕವನ್ನು ತಂಡದ ಕ್ಯಾಲೆಂಡರಿಗೆ ಹಾಕಿ, ಎಲ್‌ಟಿಇ ಸುರಂಗ ಬಿದ್ದರೆ ಎಚ್ಚರಿಸುವ ಮಾನಿಟರಿಂಗ್ ಅವತ್ತೇ ಜೋಡಿಸಿ.